ಕಲ್ಲು ತೆಗೆದ ಮೇಲೆ ಉಳಿದ ಕೆಲಸ

ನಡುರಾತ್ರಿ ಪಕ್ಕೆಯಲ್ಲಿ ಎದ್ದ ನೋವು ಬೆಳಗಾಗುವುದರೊಳಗೆ ತೊಡೆಯ ಸಂದಿಯವರೆಗೆ ಇಳಿದಿತ್ತು. ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯ ಆ ತೆಂಗು ಬೆಳೆಗಾರರಿಗೆ ಕೂತರೂ ಆಗದು, ಮಲಗಿದರೂ ಆಗದು. ನೆರೆಯವರು ಬಾಳೆದಿಂಡಿನ ರಸ ತಂದರು. ಹೆಂಡತಿ ಹುರುಳಿ ಕಟ್ಟು ಕಾಯಿಸಿದರು. ಹತ್ತನೆಯ ತರಗತಿಯ ಮಗಳು ಮಾತ್ರ, 'ಮೊದಲು ಸ್ಕ್ಯಾನ್ ಮಾಡಿಸೋಣ ಅಪ್ಪ' ಎಂದು ಹಟ ಹಿಡಿದಳು.

ಅರಸೀಕೆರೆಯಲ್ಲಿ ಸ್ಕ್ಯಾನ್ ಆಯಿತು. ಎಡ ಮೂತ್ರಪಿಂಡದ ಬಾಯಿಗೆ ಅಡ್ಡವಾಗಿ 22 ಮಿಲಿಮೀಟರ್ ಕಲ್ಲು. ಹೆಚ್ಚುಕಡಿಮೆ ಒಂದು ಅಡಿಕೆಯ ಗಾತ್ರ. 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳು ಬಹುಪಾಲು ತಾವಾಗಿಯೇ ಮೂತ್ರದಲ್ಲಿ ಇಳಿದುಹೋಗುತ್ತವೆ, ಕೀರ್ತಿ ಬಾಳೆದಿಂಡಿಗೆ ಸಲ್ಲುತ್ತದೆ. ಈ ಕಲ್ಲು ಹಾಗೆ ಇಳಿಯುವಂಥದ್ದಲ್ಲ.

ಆಪರೇಷನ್ ಎಂದ ಕೂಡಲೇ ಅವರು ಬೆವೆತರು. ಅವರ ತಂದೆಗೂ ಹಿಂದೆ ಇದೇ ಕಾಯಿಲೆ. ಬೆನ್ನಿನಿಂದ ಹೊಟ್ಟೆಯವರೆಗೆ ಕೊಯ್ದು ಕಲ್ಲು ತೆಗೆದಿದ್ದರು. ಆ ಹೊಲಿಗೆಯ ಗುರುತನ್ನು ಬಾಲ್ಯದಲ್ಲಿ ನೋಡಿದ್ದವರಿಗೆ ಅದೇ ಕಣ್ಣಮುಂದೆ. 'ನಾನೂ ಹಾಗಾದರೆ ಅಟ್ಟಕ್ಕೆ ಕಾಯಿ ಹೊರುವವರು ಯಾರು? ನಿನ್ನ ಕಾಲೇಜಿನ ಖರ್ಚು ಯಾರು ನೋಡುತ್ತಾರೆ ಮಗಾ?' ಎಂದರು.

ಆದರೆ ಕಾಲ ಬದಲಾಗಿತ್ತು. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಮತ್ತು ಯೋಹಾನ್‌ಸನ್ ಎಂಬ ವೈದ್ಯರು, ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ಅದೇ ದಾರಿಯಿಂದ ಕಲ್ಲು ತೆಗೆದ ವಿಧಾನವನ್ನು ಪ್ರಕಟಿಸಿದರು. 1980ರಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ ದೇಹವನ್ನು ಕೊಯ್ಯದೆ, ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ಕಲ್ಲು ಪುಡಿ ಮಾಡುವ ಚಿಕಿತ್ಸೆ ಮೊದಲಾಯಿತು. ಮೂತ್ರದ ದಾರಿಯಲ್ಲೇ ತೆಳ್ಳನೆಯ ದುರ್ಬೀನು ಕಳಿಸಿ ಲೇಸರಿನಿಂದ ಕಲ್ಲು ಒಡೆಯುವುದು ಮೂರನೆಯ ದಾರಿ. ಎರಡು ಸೆಂಟಿಮೀಟರ್ ಮೀರಿದ ಕಲ್ಲಿಗೆ ಸಾಮಾನ್ಯವಾಗಿ ವೈದ್ಯರು ಆಯ್ದುಕೊಳ್ಳುವುದು ಬೆನ್ನಿನ ರಂಧ್ರದ ದಾರಿಯನ್ನೇ. ಹಾಸನದ ವೈದ್ಯರು ಹೇಳಿದ್ದೂ ಅದನ್ನೇ.

ಹಾಗೆಂದು ಇದು ಮಂತ್ರವಿದ್ಯೆಯಲ್ಲ. 2007ರಿಂದ 2009ರವರೆಗೆ ಹಲವು ದೇಶಗಳ 96 ಆಸ್ಪತ್ರೆಗಳಲ್ಲಿ ಈ ಶಸ್ತ್ರಚಿಕಿತ್ಸೆಗೆ ಒಳಗಾದ 5,803 ಮಂದಿಯ ಲೆಕ್ಕ ಇಡಲಾಯಿತು. ಕಲ್ಲು ಪೂರ್ತಿ ಹೋದದ್ದು ಶೇ. 75.7 ಮಂದಿಗೆ. ಶೇ. 10.5 ಮಂದಿಗೆ ಜ್ವರ ಬಂತು. ಶೇ. 5.7 ಮಂದಿಗೆ ರಕ್ತ ಕೊಡಬೇಕಾಯಿತು. ಅಂದರೆ ನಾಲ್ವರಲ್ಲಿ ಮೂವರು ಒಮ್ಮೆಗೇ ಪಾರಾದರು. ನಾಲ್ಕನೆಯವರಲ್ಲಿ ಚೂರು ಉಳಿಯಿತು. ಅಪಾಯ ಏನು, ಚೂರು ಉಳಿದರೆ ಮುಂದೇನು ಎಂದು ಮೊದಲೇ ಕೇಳುವುದು ರೋಗಿಯ ಹಕ್ಕು. ಮಗಳು ಎರಡನ್ನೂ ಕೇಳಿದಳು. ವೈದ್ಯರು ಚಿತ್ರ ಬರೆದು ವಿವರಿಸಿದರು.

ಒಂದು ಸೆಂಟಿಮೀಟರಿನಷ್ಟು ಗಾಯ. ನಾಲ್ಕನೆಯ ದಿನ ಅವರು ಮನೆಯಲ್ಲಿದ್ದರು. ಕನ್ನಡಿಗೆ ಬೆನ್ನು ತಿರುಗಿಸಿ ನೋಡಿಕೊಂಡು, 'ಇಷ್ಟೇನಾ?' ಎಂದು ನಕ್ಕರು.

ಕತೆ ಇಲ್ಲಿಗೆ ಮುಗಿಯಲಿಲ್ಲ. ಕಲ್ಲಿನ ಚೂರುಗಳನ್ನು ಪರೀಕ್ಷೆಗೆ ಕಳಿಸಿದ್ದರು. ಹೆಚ್ಚಿನವರಲ್ಲಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಅದು. 'ಕಲ್ಲು ತೆಗೆದಿದ್ದೇವೆ, ಕಲ್ಲಾಗುವ ಗುಣ ತೆಗೆದಿಲ್ಲ' ಎಂದರು ವೈದ್ಯರು. ಎಚ್ಚರ ತಪ್ಪಿದರೆ ಹತ್ತು ವರ್ಷದೊಳಗೆ ಸುಮಾರು ಅರ್ಧದಷ್ಟು ಮಂದಿಗೆ ಕಲ್ಲು ಮರಳುತ್ತದಂತೆ.

ಊರಿನವರು ಬೋರ್‌ವೆಲ್ಲಿನ ಗಡಸು ನೀರನ್ನು ದೂರಿದರು. ಗಡಸು ನೀರೇ ಕಾರಣ ಎನ್ನಲು ಬಲವಾದ ಸಾಕ್ಷ್ಯವಿಲ್ಲ. ಪಾಕ ಬತ್ತಿದರೆ ಸಕ್ಕರೆ ಹರಳುಗಟ್ಟುವುದಿಲ್ಲವೆ? ಹಾಗೆಯೇ, ಕುಡಿಯುವ ನೀರು ಕಡಿಮೆಯಾದರೆ ಮೂತ್ರದ ಲವಣಗಳು ಹರಳಾಗುತ್ತವೆ. ಇಟಲಿಯ ವೈದ್ಯರು 199 ರೋಗಿಗಳನ್ನು ಐದು ವರ್ಷ ಗಮನಿಸಿ 1996ರಲ್ಲಿ ಪ್ರಕಟಿಸಿದ ಫಲಿತಾಂಶ ಸರಳವಾಗಿದೆ: ಹೆಚ್ಚು ನೀರು ಕುಡಿದವರಲ್ಲಿ ಶೇ. 12 ಮಂದಿಗೆ ಕಲ್ಲು ಮರಳಿತು, ಉಳಿದವರಲ್ಲಿ ಶೇ. 27 ಮಂದಿಗೆ. ಹಾಲು ಬಿಡಬೇಕೆಂಬ ಮಾತೂ ತಪ್ಪು. ಊಟದಲ್ಲಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ಕಡಿಮೆ ಮಾಡಬೇಕಾದದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ. ದಿನಕ್ಕೆ ಎರಡೂವರೆ ಲೀಟರ್ ಮೂತ್ರವಾಗುವಷ್ಟು ನೀರು ಬೇಕು. ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಅಪ್ಪ ತೋಟಕ್ಕೆ ಹೋಗುವಾಗ ದೊಡ್ಡ ಕ್ಯಾನ್ ಒಯ್ಯತೊಡಗಿದರು. ಒಂದು ಸಂಜೆ ಅದನ್ನು ತೊಳೆದಿಡುವಾಗ ಮಗಳ ಚೀಲದಲ್ಲಿದ್ದ ಬಾಟಲಿ ಕೈಗೆ ಸಿಕ್ಕಿತು. ಬೆಳಿಗ್ಗೆ ತುಂಬಿದ ನೀರು ಹಾಗೆಯೇ ಇತ್ತು.

'ಯಾಕೆ ಮಗಾ?'

ಅವಳು ತಲೆ ತಗ್ಗಿಸಿದಳು. ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಚಿಲಕವೂ ಇಲ್ಲ. ಹಾಗಾಗಿ ಅವಳೂ ಗೆಳತಿಯರೂ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರೇ ಕುಡಿಯುವುದಿಲ್ಲ. ಅಪ್ಪನಿಗಾಗಿ ವೈದ್ಯರನ್ನು ಅಷ್ಟೊಂದು ಪ್ರಶ್ನೆ ಕೇಳಿದ ಹುಡುಗಿ, ತನ್ನ ವಿಷಯ ಬಾಯಿ ಬಿಟ್ಟಿರಲಿಲ್ಲ. ಅಜ್ಜ, ಅಪ್ಪ ಇಬ್ಬರಿಗೂ ಕಲ್ಲಾದ ಮನೆಯ ಮಗಳು. ಇಂಥ ಮನೆಗಳಲ್ಲಿ ಮಕ್ಕಳಿಗೂ ಅಪಾಯ ಹೆಚ್ಚು.

ಮಾರನೆಯ ದಿನ ಅಪ್ಪ ಇನ್ನಿಬ್ಬರು ಪೋಷಕರನ್ನು ಕರೆದುಕೊಂಡು ಶಾಲೆಗೆ ಹೋದರು. ಮಾತಿಗಿಂತ ಕೆಲಸ ನಿಧಾನವಾಯಿತು. ಚಿಲಕ ಒಂದು ವಾರಕ್ಕೆ ಬಂತು, ನಲ್ಲಿಗೆ ಎರಡು ತಿಂಗಳು ಹಿಡಿಯಿತು. ಈಗ ಸಂಜೆ ಬಾಟಲಿ ಖಾಲಿಯಾಗಿ ಮನೆಗೆ ಬರುತ್ತದೆ. ಅಪ್ಪ ಅದನ್ನು ಒಮ್ಮೆ ಅಲ್ಲಾಡಿಸಿ ನೋಡಿಯೇ ಕಾಫಿ ಕುಡಿಯಲು ಕೂರುತ್ತಾರೆ.