ಹೆಸರಿಗೂ ಒಂದು ಪಹಣಿ

ನಮ್ಮ ದೊಡ್ಡಬಳ್ಳಾಪುರದ ಕಡೆ ಯಾರಾದರೂ ಜಮೀನು ನೋಡಿಕೊಂಡು ಬಂದೆ ಅಂದರೆ ಮನೆಯ ಹಿರಿಯರು ಬೆಲೆಗಿಂತ ಮೊದಲು ಕೇಳುವುದು, "ಇಸಿ ತೆಗೆಸಿದ್ಯಾ?" ಅಂತ. ಇಸಿ ಅಂದರೆ ಜಮೀನಿನ ಋಣಭಾರ ಪತ್ರ. ಪಹಣಿಯಲ್ಲಿ ಯಾರ ಹೆಸರಿದೆ, ಎಲ್ಲಾದರೂ ಅಡವಿಟ್ಟಿದ್ದಾರಾ, ಅಣ್ಣತಮ್ಮಂದಿರ ಭಾಗ ಸರಿಯಾಗಿ ಆಗಿದೆಯಾ, ಇಷ್ಟು ತಿಳಿಯದೆ ಅಡ್ವಾನ್ಸ್ ಕೊಡುವುದುಂಟೇ?

ರಾಜಘಟ್ಟದಲ್ಲಿ ದ್ರಾಕ್ಷಿ ಬೆಳೆಯುವ ನನ್ನ ಅಣ್ಣನ ಮಗನಿಗೆ ಹಣ್ಣನ್ನು ತಾನೇ ನೇರವಾಗಿ ಗಿರಾಕಿಗಳಿಗೆ ಮಾರುವ ಆಸೆ. ಅದಕ್ಕೊಂದು ವೆಬ್‌ಸೈಟ್ ಬೇಕಲ್ಲ. ಮೊನ್ನೆ ಹೋದಾಗ ಫೋನ್ ಹಿಡಿದುಕೊಂಡು ಬಂದ.

"ಚಿಕ್ಕಪ್ಪ, ಒಂದು ಡೊಮೈನ್ ಸಿಕ್ತಾ ಐತೆ. ಹನ್ನೆರಡು ವರ್ಷ ಹಳೇದಂತೆ. ಹಳೇದಾದ್ರೆ ಗೂಗಲ್‌ನಲ್ಲಿ ಬೇಗ ಮೇಲಕ್ಕೆ ಬರ್ತದಂತೆ. ಮೂವತ್ತು ಸಾವಿರ ಕೇಳ್ತಾವ್ರೆ."

"ಇಸಿ ತೆಗೆಸಿದ್ಯೇನಪ್ಪಾ?"

"ಡೊಮೈನ್‌ಗೂ ಇಸಿ ಇರ್ತದಾ?"

ಇರುತ್ತದೆ. ಜಗಲಿಯ ಮೇಲೆ ಕೂತು ಇಬ್ಬರೂ ಹುಡುಕಿದೆವು.

ಡೊಮೈನ್ ಅಂದರೆ ವೆಬ್‌ಸೈಟಿನ ಹೆಸರು. ಈ ಹೆಸರುಗಳಿಗೆ ದಫ್ತರ ಇಡುವ ಅಭ್ಯಾಸ ಹಳೆಯದು. ಹೆಸರು ಯಾರದ್ದೆಂದು ವಿಚಾರಿಸುವ ಹೂಈಸ್ ಎಂಬ ಪದ್ಧತಿಯ ಮೊದಲ ವಿವರಣೆ ಪ್ರಕಟವಾದದ್ದು 1982ರಲ್ಲಿ. ಮೊಟ್ಟಮೊದಲ ಡಾಟ್ ಕಾಮ್ ಹೆಸರಾದ ಸಿಂಬಾಲಿಕ್ಸ್ ನೋಂದಣಿಯಾದದ್ದು 1985ರ ಮಾರ್ಚ್ 15ರಂದು. ಮುಂಚೆ ಯಾವ ಹೆಸರು ಯಾರದ್ದು, ಅವರ ವಿಳಾಸ ಏನು ಎಂಬುದನ್ನೆಲ್ಲ ಯಾರು ಬೇಕಾದರೂ ನೋಡಬಹುದಿತ್ತು. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದ ಮೇಲೆ ಹೆಚ್ಚಿನ ಹೆಸರುಗಳ ಮಾಲೀಕರು ಮರೆಗೆ ಸರಿದರು. 2025ರ ಜನವರಿಯಿಂದ ಡಾಟ್ ಕಾಮ್‌ನಂಥ ಹೆಸರುಗಳಿಗೆ ಹೂಈಸ್ ಜಾಗದಲ್ಲಿ ಆರ್‌ಡ್ಯಾಪ್ ಎಂಬ ಹೊಸ ಪದ್ಧತಿ ಬಂದಿದೆ. ಅದರಲ್ಲಿ ನಮಗೆ ಸಿಕ್ಕಿದ್ದು ನೋಂದಣಿಯಾದ ದಿನ, ಅವಧಿ ಮುಗಿಯುವ ದಿನ, ನೋಂದಾಯಿಸಿದ ಕಂಪನಿ, ಇಷ್ಟೇ.

ಹನ್ನೆರಡು ವರ್ಷ ಎಂಬುದು ನಿಜವಾಗಿತ್ತು. ಹುಡುಗನ ಮುಖ ಅರಳಿತು. ಆದರೆ ಆ ಒಂದು ತಾರೀಖನ್ನು ನಂಬಿ ಕೂರುವಂತಿಲ್ಲ. ಹಣ ಕಟ್ಟದೆ ಬಿಟ್ಟ ಡಾಟ್ ಕಾಮ್ ಹೆಸರನ್ನು ಅಳಿಸಿದ ಮೇಲೂ ಹಳೆಯ ಯಜಮಾನನಿಗೆ ಬಿಡಿಸಿಕೊಳ್ಳಲು 30 ದಿನ ಅವಕಾಶವಿರುತ್ತದೆ. ಅದು ಕಳೆದು ಇನ್ನೈದು ದಿನವಾದರೆ ಹೆಸರು ಪೂರ್ತಿ ಹೋಗುತ್ತದೆ. ಆಮೇಲೆ ಕೊಂಡವನಿಗೆ ಹೊಸ ತಾರೀಖು, ಹಿಂದಿನ ವರ್ಷಗಳು ಲೆಕ್ಕಕ್ಕೇ ಇಲ್ಲ. ಅಳಿಸುವ ಮೊದಲೇ ಹರಾಜಾದರೆ ಹಳೇ ತಾರೀಖು ಹಾಗೇ ಉಳಿಯುತ್ತದೆ, ಯಜಮಾನ ಮಾತ್ರ ಬೇರೆ. ಸರ್ವೆ ನಂಬರು ಅದೇ ಇದ್ದು ಜಮೀನು ಐದು ಕೈ ದಾಟಿದ ಹಾಗೆ.

ಕಾಗದ ಇಲ್ಲಿಗೆ ಮುಗಿಯಿತು. ಮುಂದೆ ಅಗೆಯಬೇಕು. ರಾಜಘಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಊರಿನ ನೆಲದಲ್ಲಿ ಬೌದ್ಧ ಚೈತ್ಯ, ವಿಹಾರಗಳಿದ್ದವು ಎಂದು ಯಾವ ಪಹಣಿಯೂ ಹೇಳಿರಲಿಲ್ಲ. 2001ರಲ್ಲಿ ಅಗೆತ ನಡೆದಾಗ ಸಾವಿರ ವರ್ಷಕ್ಕೂ ಹಿಂದಿನ ಇಟ್ಟಿಗೆಯ ಕಟ್ಟಡ, ಜೇಡಿಮಣ್ಣಿನ ನೂರಾರು ಪುಟ್ಟ ಹರಕೆಯ ಸ್ತೂಪಗಳು, ಬ್ರಾಹ್ಮಿ ಅಕ್ಷರ ಒತ್ತಿದ ಮಣ್ಣಿನ ಬಿಲ್ಲೆಗಳು ಹೊರಬಂದವು. ಅದೇ 2001ರ ಅಕ್ಟೋಬರಿನಲ್ಲಿ ಇಂಟರ್ನೆಟ್ ಆರ್ಕೈವ್ ಸಂಸ್ಥೆ ತನ್ನ ವೇಬ್ಯಾಕ್ ಮಷೀನನ್ನು ಜನರಿಗೆ ತೆರೆಯಿತು. 1996ರಿಂದ ಕೂಡಿಟ್ಟ ವೆಬ್ ಪುಟಗಳ ಪ್ರತಿಗಳು ಅಲ್ಲಿವೆ. ಇಲ್ಲಿ ಮಣ್ಣು, ಅಲ್ಲಿ ಪುಟ. ಎರಡೂ ತೆರೆದುಕೊಂಡದ್ದು ಒಂದೇ ವರ್ಷ ಅನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ.

ಹುಡುಗ ನೋಡಿದ್ದ ಹೆಸರನ್ನು ವೇಬ್ಯಾಕ್ ಮಷೀನಿನಲ್ಲಿ ಹಾಕಿದೆವು. ಮೊದಲ ನಾಲ್ಕು ವರ್ಷ ಯಾವುದೋ ಟ್ಯೂಷನ್ ಕೇಂದ್ರದ ಪುಟ. ನಡುವೆ ಎರಡು ವರ್ಷ ಏನೂ ಇಲ್ಲ. ಆಮೇಲೆ ಪುಟ ತುಂಬ ಜೂಜಾಟದ ಜಾಹೀರಾತು, ನಮಗೆ ತಿಳಿಯದ ಲಿಪಿಯಲ್ಲಿ. ಹುಡುಗ ಫೋನ್ ಕೆಳಗಿಟ್ಟ. ಹೆಸರಿಗೆ ವಯಸ್ಸಾದ ಮಾತ್ರಕ್ಕೆ ಮೇಲಕ್ಕೆ ತರುವುದಿಲ್ಲ ಎಂದು ಗೂಗಲ್‌ನವರೇ ಹೇಳಿದ್ದಾರೆ. ಬಿಟ್ಟುಹೋದ ಹೆಸರುಗಳನ್ನು ಹಿಡಿದು ದುರುಪಯೋಗ ಮಾಡುವುದನ್ನು 2024ರ ಮಾರ್ಚಿನಲ್ಲಿ ಸ್ಪ್ಯಾಮ್ ಪಟ್ಟಿಗೂ ಸೇರಿಸಿದ್ದಾರೆ.

ಹೆಸರಿನ ವಯಸ್ಸೇ ಬೇರೆ, ಅದರಡಿ ನಡೆದ ಕೆಲಸದ ವಯಸ್ಸೇ ಬೇರೆ. ದಟ್ಸ್‌ಕನ್ನಡ ಎಂದು ನಾವು ಓದುತ್ತಿದ್ದ ಸುದ್ದಿತಾಣ ಒನ್‌ಇಂಡಿಯಾ ಕನ್ನಡವಾಯಿತು; ಬಾಗಿಲ ಮೇಲಿನ ಹೆಸರು ಬದಲಾದರೂ ಓದುಗರು ಹುಡುಕಿಕೊಂಡು ಹೋದರು. ಯು. ಬಿ. ಪವನಜ ಅವರು 1996ರಲ್ಲೇ ವಿಶ್ವಕನ್ನಡ ಎಂಬ ಅಂತರಜಾಲ ಪತ್ರಿಕೆ ಶುರು ಮಾಡಿದರು. ಇಂಥ ಹೆಸರಿಗೆ ಬೆಲೆ ಬಂದದ್ದು ಅಲ್ಲಿ ಅವರು ಬರೆದದ್ದರಿಂದ. ಹಾಗೆ ಬರೆದಿಟ್ಟ ಎಷ್ಟೋ ಕನ್ನಡದ ತಾಣಗಳು ವರ್ಷದ ಹಣ ಕಟ್ಟುವವರಿಲ್ಲದೆ ಕೈತಪ್ಪಿದವಲ್ಲ, ಅದು ನನಗೆ ನಿಜವಾದ ಸಂಕಟ. ಡೊಮೈನ್ ಕೊಳ್ಳುವುದು ಎನ್ನುತ್ತೇವೆ, ಅದು ಗುತ್ತಿಗೆ. ಡಾಟ್ ಕಾಮ್ ಹೆಸರನ್ನು ಒಮ್ಮೆಗೆ ಹತ್ತು ವರ್ಷಕ್ಕಿಂತ ಹೆಚ್ಚಿಗೆ ಕೊಡುವುದೇ ಇಲ್ಲ.

ಹುಡುಗ ಕೊನೆಗೆ ಯಾರೂ ಮುಟ್ಟದ ಹೊಸ ಹೆಸರನ್ನೇ ಹಿಡಿದ. ಅದರಲ್ಲಿ ಊರಿನ ಹೆಸರಿದೆ.

"ಚಿಕ್ಕಪ್ಪ, ನಾನು ದುಡ್ಡು ಕಟ್ಟೋದು ಮರೆತ್ರೆ ಇದರ ಮೇಲೂ ಜೂಜಿನವರು ಬಂದು ಕೂರ್ತಾರಾ?" ಎಂದ.

"ಕೂರಬಹುದು ಕಣಪ್ಪ."

ಎದ್ದು ಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ, ಬಳ್ಳಿ ಸವರುವ ದಿನ ಗುರುತು ಹಾಕಿದ್ದ ಪುಟದಲ್ಲೇ, ನವೀಕರಣದ ದಿನವನ್ನೂ ಬರೆದ.