ಚಂದ್ರನ ಎರಡನೇ ಭಾಗ ಅಥಣಿಯಲ್ಲಿತ್ತು

ಚಿಕ್ಕೋಡಿಯ ವಾಚನಾಲಯದಿಂದ ಮೊಮ್ಮಗಳು ಟಿನ್‌ಟಿನ್ ಚಿತ್ರಕಥೆ ತಂದಿದ್ದಳು. ಕೆಂಪು-ಬಿಳಿ ಚೌಕಳಿಯ ರಾಕೆಟ್ ಚಂದ್ರನತ್ತ ಹಾರುತ್ತದೆ. ಭೂಮಿಯಿಂದ ಎಷ್ಟು ಕರೆದರೂ ಒಳಗಿದ್ದವರು ಓಗೊಡುವುದಿಲ್ಲ. ಅಲ್ಲಿಗೇ ಪುಸ್ತಕ ಮುಗಿಯುತ್ತದೆ!

"ಅಜ್ಜಾ, ಅವರು ಸತ್ತ್ರೇನು?" ಎಂದಳು. ರಾತ್ರಿ ಊಟ ಸೇರಲಿಲ್ಲ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಕ್ರಮ್ ಲ್ಯಾಂಡರಿನ ಸಂಪರ್ಕ ಕಡಿದಾಗ ನಾನೂ ಟಿವಿ ಮುಂದೆ ಹೀಗೇ ಕೂತಿದ್ದೆ.

ಎರಡನೇ ಭಾಗ ಅಥಣಿಯಲ್ಲಿ, ನನ್ನ ತಂಗಿಯ ಮನೆ ಹತ್ತಿರದ ವಾಚನಾಲಯದಲ್ಲಿದೆ ಎಂದು ಫೋನಿನಲ್ಲಿ ತಿಳಿಯಿತು. ಶನಿವಾರ ಬಸ್ ಹತ್ತಿದೆವು. ಅಂಕಲಿ ದಾಟಿದರೆ ಮಾಂಜರಿ ಸೇತುವೆ, ಕೆಳಗೆ ಕೃಷ್ಣೆ, ಆಮೇಲೆ ಬರೀ ಕಬ್ಬು. ಕಾಗವಾಡದಲ್ಲಿ ಬಸ್ ಬದಲಿಸಿದೆವು. ಮಿರಜ ಇಲ್ಲಿಂದ ಹತ್ತಿರ. ಚಹಾ ಕೊಟ್ಟವನು ಮರಾಠಿಯಲ್ಲಿ ಮಾತಾಡಿಸಿ, ಕನ್ನಡದಲ್ಲಿ ಚಿಲ್ಲರೆ ಎಣಿಸಿದ.

ತಂಗಿ ತನ್ನ ಕಾರ್ಡಿನ ಮೇಲೆ ಪುಸ್ತಕ ಕೊಡಿಸಿದಳು. ಮರಳಿಸುವ ತಾರೀಖನ್ನು ಎರಡು ಸಲ ಓದಿಸಿದೆ. ಬ್ಯಾಂಕಿನ ಚಟ, ಹೋಗುವುದಿಲ್ಲ.

ಹಿಂದಿರುಗುವಾಗ ಅವಳು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳಿದಳು. ಪೊರೆ ಬಂದ ನನ್ನ ಕಣ್ಣಿಗೆ ಆ ಸಣ್ಣಕ್ಷರ ದಕ್ಕದು. ರಾಕೆಟ್ಟಿನಲ್ಲಿ ಪ್ರಜ್ಞೆ ತಪ್ಪಿದ್ದವರೆಲ್ಲ ಎದ್ದರು. ಸದ್ಯ! ಚಂದ್ರನ ಗುಹೆಯಲ್ಲಿ ಟಿನ್‌ಟಿನ್ ಹಿಮದ ಮೇಲೆ ಜಾರಿದ. ಬೆಲ್ಜಿಯಮ್ಮಿನ ಎರ್ಜೆ ಇದನ್ನು ಬರೆದದ್ದು 1950ರ ದಶಕದಲ್ಲಿ. ಮನುಷ್ಯ ಅಲ್ಲಿ ಇಳಿದದ್ದು 1969ರಲ್ಲಿ. ನೀರಿನ ಅಂಶದ ಸುಳಿವು ಕೊಟ್ಟದ್ದು 2008ರಲ್ಲಿ ಹಾರಿದ ನಮ್ಮ ಚಂದ್ರಯಾನ-1.

ಮಾಂಜರಿ ಸೇತುವೆ ಬಂದಾಗ ಕಿಟಕಿಯಲ್ಲಿ ಚಂದ್ರ ಕಂಡ. ತೋರಿಸಿದೆ.

"ಸುಮ್ನಿರ ಅಜ್ಜಾ, ಇನ್ನಾ ನಾಲ್ಕ ಪುಟ ಅದಾವು," ಎಂದಳು.