ವಸ್ತಿ ಬಸ್ಸು

ಭಾಗ್ಯನಗರಕ್ಕೆ ಮನೆ ಬದಲಿಸುತ್ತಿದ್ದೇವೆ ಎಂದು ಯಾವುದಾದರೂ ಶಿಕ್ಷಕ ದಂಪತಿ ನೆಂಟರಿಗೆ ಫೋನ್ ಮಾಡಿದರೆ ಮೊದಲು ಬರುವ ಪ್ರಶ್ನೆ, "ಹೈದರಾಬಾದಿಗಾ?" ಅಲ್ಲಪ್ಪಾ, ಕೊಪ್ಪಳದ ಭಾಗ್ಯನಗರ ಎಂದು ಬಿಡಿಸಿ ಹೇಳಬೇಕು. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಬಾಗೇಪಲ್ಲಿಗೂ ಇದೇ ಹೆಸರಿಡಲು ತೀರ್ಮಾನಿಸಿದ ಮೇಲಂತೂ ಇನ್ನೊಂದು ಸುತ್ತು ವಿವರಣೆ. ಹೈದರಾಬಾದನ್ನೂ ಭಾಗ್ಯನಗರ ಎನ್ನುವುದುಂಟು; ಹೈದರಾಬಾದ್ ಅಂದವರನ್ನು ಪೂರ್ತಿ ತಪ್ಪೆನ್ನಲೂ ಬರುವುದಿಲ್ಲ. 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಬರೆಯುವವರೆಗೆ ಕೊಪ್ಪಳದ ಕಾಗದಪತ್ರ ಓಡಾಡುತ್ತಿದ್ದದ್ದು ಆ ಕಡೆಗೇ.

ಊರು ಇರುವುದು ಕೊಪ್ಪಳಕ್ಕೆ ಅಂಟಿಕೊಂಡು. ನಡುವೆ ಹೊಸಪೇಟೆ-ಗದಗ ರೈಲು ಹಳಿ. ಈಚಿನವರೆಗೂ ಗ್ರಾಮ ಪಂಚಾಯಿತಿಯಾಗಿದ್ದದ್ದು ಈಗ ಪಟ್ಟಣ ಪಂಚಾಯಿತಿ. ಮೊದಲಿನಿಂದ ನೇಕಾರರ ಊರು. ಹಳೆಯ ಓಣಿಗಳಲ್ಲಿ ಮಗ್ಗದ ಸದ್ದು ಇನ್ನೂ ಕೇಳುತ್ತದೆ. ಅದರ ಪಕ್ಕದಲ್ಲೇ ಬೆಳೆದದ್ದು ಕೂದಲಿನ ಉದ್ಯಮ. ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಊರೂರು ಸುತ್ತಿ, ಪಿನ್ನು, ಬಲೂನು, ಸ್ಟೀಲ್ ಪಾತ್ರೆ ಕೊಟ್ಟು ತರುವವರು ಒಂದು ಕಡೆ. ಮನೆಯಂಗಳದಲ್ಲಿ ಕುಳಿತು ಆ ಗಂಟುಗಳನ್ನು ಬಿಡಿಸಿ, ಉದ್ದ ನೋಡಿ ಬೇರ್ಪಡಿಸುವ ಹೆಂಗಸರು ಇನ್ನೊಂದು ಕಡೆ. ಹೀಗೆ ಹಸನಾದ ಕೂದಲು ವಿಗ್ಗಾಗಲು ದೇಶದಾಚೆ ಹೋಗುತ್ತದೆ. ಹೊಸದಾಗಿ ಬಂದ ಮೇಡಂ ತರಗತಿಯಲ್ಲಿ "ನಿಮ್ಮಪ್ಪ ಏನ್ ಮಾಡ್ತಾರೆ?" ಎಂದು ಕೇಳಿ, "ಕೂದ್ಲಾ ತರ್ತಾನ್ರಿ" ಎಂಬ ಉತ್ತರಕ್ಕೆ ಕ್ಷಣಕಾಲ ಗಲಿಬಿಲಿಗೊಂಡರೆ ತಪ್ಪು ಅವರದಲ್ಲ. ಬಿ.ಇಡಿ. ಪಠ್ಯದಲ್ಲಿ ಇದಿಲ್ಲ.

ಶಿಕ್ಷಕರ ಕುಟುಂಬವೊಂದು ಇಲ್ಲಿಗೆ ಬರುವ ಕಥೆ ಶುರುವಾಗುವುದು ಕೌನ್ಸೆಲಿಂಗ್ ಸಭಾಂಗಣದಲ್ಲಿ. ಪರದೆಯ ಮೇಲೆ ಖಾಲಿ ಹುದ್ದೆಯ ಊರುಗಳು ಸಾಲಾಗಿ ಮೂಡುತ್ತವೆ. ಕ್ರಮಾಂಕ ಕರೆದಾಗ ಎದ್ದು ಒಂದು ಹೆಸರು ಹೇಳಬೇಕು. ಮುಂದಿನ ಹತ್ತಿಪ್ಪತ್ತು ವರ್ಷಗಳ ಬದುಕು ಕೆಲವೇ ನಿಮಿಷದಲ್ಲಿ ತೀರ್ಮಾನ. ಮೊದಲು ಮಾಯವಾಗುವುದು ಹೆದ್ದಾರಿ ಬದಿಯ ಊರುಗಳು. ಕೊಪ್ಪಳದ ಮೂಲಕ ಹಾಯುವ 67ರ ಮಗ್ಗುಲಿನವು, ಕುಷ್ಟಗಿ ಮೇಲೆ ಹೋಗುವ 50ರ ಮಗ್ಗುಲಿನವು. ಕೊನೆಯ ಸಾಲಿನಲ್ಲಿ ಕುಳಿತವರಿಗೆ ಉಳಿಯುವುದು ಬಸ್ಸು ದಿನಕ್ಕೆ ಎರಡು ಸಲ ಬರುವ ಯಲಬುರ್ಗಾದ ಒಳಹಳ್ಳಿ. ಪಕ್ಕದಲ್ಲಿ ಕುಳಿತ ಅಪ್ಪನೋ ಗಂಡನೋ ಮೊಬೈಲಿನ ಭೂಪಟ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾರೆ. ಭೂಪಟದಲ್ಲಿ ದಾರಿ ಕಾಣುತ್ತದೆ, ಬಸ್ಸಿನ ವೇಳೆ ಕಾಣುವುದಿಲ್ಲ.

ಯಾರು ಬರುತ್ತಾರೆ ಎನ್ನುವುದೂ ಬದಲಾಗಿದೆ. ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂದು, 2013ರಲ್ಲಿ ಜಾರಿಯಾದ ಮೇಲೆ ಕಲ್ಯಾಣ ಕರ್ನಾಟಕ ಎನ್ನುವ ಈ ಭಾಗದ 'ಸಿ' ಗುಂಪಿನ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. ಅದಕ್ಕೂ ಮುಂಚೆ ವಿಜಯಪುರ, ಬೆಳಗಾವಿ, ದಾವಣಗೆರೆ ಕಡೆಯವರು ಇಲ್ಲಿ ನೌಕರಿ ಹಿಡಿದು, ಸೇರಿದ ದಿನದಿಂದಲೇ ವರ್ಗಾವಣೆಯ ಕನಸು ಕಾಣುವುದು ಮಾಮೂಲು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಕರೆದಾಗ ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೇ ಇದ್ದವು. ಆದರೆ 'ಸ್ಥಳೀಯ' ಎಂಬುದು ಸರ್ಕಾರಿ ಮಾತು. ಬೀದರಿನ ಔರಾದ್‌ನಲ್ಲಿ ಹುಟ್ಟಿದವಳಿಗೆ ಕುಷ್ಟಗಿಯ ಹನುಮಸಾಗರ ಎಷ್ಟು ಸ್ಥಳೀಯ? ಒಂದು ರಾತ್ರಿಯ ಪ್ರಯಾಣದಷ್ಟು.

ಹಾಗಾಗಿ ಲಾರಿಯಲ್ಲಿ ಸಾಮಾನು ಬರುತ್ತದೆ. ಮಂಚ, ತಿಜೋರಿ, ಹೊಲಿಗೆ ಯಂತ್ರ, ದೇವರ ಫೋಟೋ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಮೂರು ರಟ್ಟಿನ ಡಬ್ಬಿ. ಕೆಲಸ ಸಿಕ್ಕಮೇಲೂ ಆ ಡಬ್ಬಿಗಳನ್ನು ಯಾರೂ ಎಸೆಯುವುದಿಲ್ಲ. ಲಾರಿ ನಿಲ್ಲುವುದು ಮಾತ್ರ ಶಾಲೆಯಿರುವ ಹಳ್ಳಿಯಲ್ಲಲ್ಲ, ಭಾಗ್ಯನಗರದ ಹೊಸ ಲೇಔಟಿನಲ್ಲಿ. ಲೆಕ್ಕ ಸರಳ: ಗಂಡನ ಶಾಲೆ ಯಲಬುರ್ಗಾ ದಿಕ್ಕಿಗೆ, ಹೆಂಡತಿಯದು ಗಂಗಾವತಿ ದಿಕ್ಕಿಗೆ, ಮಕ್ಕಳಿಗೆ ಇಂಗ್ಲಿಷ್ ಮಾಧ್ಯಮ, ಅತ್ತೆಗೆ ಜಿಲ್ಲಾ ಆಸ್ಪತ್ರೆ, ಎಲ್ಲರಿಗೂ ರೈಲು. ಇಲಾಖೆಯ ಭಾಷೆಯಲ್ಲಿ 'ಪತಿ-ಪತ್ನಿ ಪ್ರಕರಣ' ಎಂಬ ಆದ್ಯತೆ ಇದೆ. ಅದು ದಂಪತಿಯನ್ನು ಒಂದೇ ಜಿಲ್ಲೆಗೆ ತರಬಹುದು, ಒಂದೇ ಬಸ್ಸಿಗೆ ಹತ್ತಿಸಲಾರದು. "ಸಾಲಿ ಹಳ್ಳ್ಯಾಗ, ಮನಿ ಭಾಗ್ಯನಗರದಾಗ" ಎಂದು ಹೇಳುವಾಗ ದನಿಯಲ್ಲಿ ಸಣ್ಣ ಅಪರಾಧಿ ಭಾವವೂ ಇರುತ್ತದೆ. ನೌಕರರು ಕೇಂದ್ರಸ್ಥಾನದಲ್ಲೇ ವಾಸಿಸಬೇಕೆಂಬ ನಿಯಮ ಎಲ್ಲರಿಗೂ ಗೊತ್ತು.

ಮನೆ ಬಾಡಿಗೆ ಭತ್ಯೆಯ ವಿಚಾರಕ್ಕೆ ಬಂದರೆ ನಗು ಬರುತ್ತದೆ. 2024ರ ಆಗಸ್ಟ್‌ನಲ್ಲಿ ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು ಜಾರಿಯಾದಾಗ ಬೆಂಗಳೂರಿಗೆ ಮೂಲ ವೇತನದ ಶೇ 20, ಕೊಪ್ಪಳದಂಥ ಊರುಗಳಿಗೂ ಅದರ ಹಳ್ಳಿಗಳಿಗೂ ಶೇ 7.5. ಬಾಡಿಗೆ ಎಲ್ಲಿ ಹೆಚ್ಚೋ ಅಲ್ಲಿ ಭತ್ಯೆ ಹೆಚ್ಚು; ಸರಿಯೇ. ಆದರೆ ಪಶ್ಚಿಮ ಆಫ್ರಿಕದ ಪುಟ್ಟ ದೇಶ ಗ್ಯಾಂಬಿಯಾ 2006ರಲ್ಲಿ ಇದನ್ನು ತಲೆಕೆಳಗು ಮಾಡಿ, ದೂರದ ಶಾಲೆಗೆ ಹೋಗುವ ಶಿಕ್ಷಕರಿಗೆ ಸಂಬಳದ ಶೇ 30ರಿಂದ 40ರಷ್ಟು ಕಷ್ಟಭತ್ಯೆ ಕೊಟ್ಟಿತು. ನಮ್ಮಲ್ಲಿ ದೂರ ಹೋದಷ್ಟೂ ಸಿಗುವುದು ಬಸ್ ವೇಳಾಪಟ್ಟಿಯ ಜ್ಞಾನ.

ಆ ಜ್ಞಾನ ಸಣ್ಣದಲ್ಲ. ಯಾವ ಗಾಡಿ ಕುಕನೂರಿನ ಮೇಲೆ ಹೋಗುತ್ತದೆ, ಯಾವುದು ಸುತ್ತು ಹೊಡೆಯುತ್ತದೆ, ಯಾವ ಕಂಡಕ್ಟರ್ ಶಾಲೆಯ ಗೇಟಿಗೇ ನಿಲ್ಲಿಸುತ್ತಾನೆ ಎಂಬುದೆಲ್ಲ ಮೊದಲ ತಿಂಗಳಲ್ಲಿ ಬಾಯಿಪಾಠ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ 'ಶಕ್ತಿ' ಯೋಜನೆ ಬಂದ ಮೇಲೆ ಅಕ್ಕೋರಿಗೆ, ಅಂದರೆ ಶಿಕ್ಷಕಿಯರಿಗೆ, ಟಿಕೆಟ್ ಹಣ ಉಳಿಯಿತು, ಸೀಟು ಹೋಯಿತು. ಶನಿವಾರ ಬೆಳಗಿನ ಶಾಲೆ. ಅವತ್ತು ಮೊದಲ ಗಾಡಿ ತಪ್ಪಿದರೆ ಬೈಕಿನವರ ದಾಕ್ಷಿಣ್ಯವೇ ಗತಿ. ಉಳಿದ ಏಳೆಂಟು ಜನ ಶಿಕ್ಷಕರು ಸೇರಿ ಒಂದು ಟಂಟಂ ಮಾತಾಡಿಕೊಳ್ಳುವುದೂ ಉಂಟು. ಅದರೊಳಗೆ ನಡೆಯುವ ಸಭೆಗಳ ಮುಂದೆ ಕ್ಲಸ್ಟರ್ ಮಟ್ಟದ ಸಮಾಲೋಚನೆ ಸಪ್ಪೆ.

ಇಲ್ಲಿಯ ಒಳಹಳ್ಳಿಗಳಿಗೆ 'ವಸ್ತಿ ಬಸ್' ಎಂಬುದೊಂದಿದೆ. ಸಂಜೆ ಕೊನೆಯ ಗಾಡಿ ಊರಿಗೆ ಬಂದು ಅಲ್ಲೇ ರಾತ್ರಿ ತಂಗಿ, ಬೆಳಗಿನ ಜಾವ ಪಟ್ಟಣಕ್ಕೆ ಹೊರಡುತ್ತದೆ. ಡ್ರೈವರು, ಕಂಡಕ್ಟರು ಗುಡಿಯ ಕಟ್ಟೆಯ ಮೇಲೋ ಬಸ್ಸಿನೊಳಗೋ ಮಲಗುತ್ತಾರೆ. ಊರವರು ರೊಟ್ಟಿ ಕೊಡುತ್ತಾರೆ, ಸುದ್ದಿ ಕೇಳುತ್ತಾರೆ. ಮೇಷ್ಟರದು ಇದರ ಪೂರಾ ಉಲ್ಟಾ: ಬೆಳಿಗ್ಗೆ ಬಂದು ಸಂಜೆ ಹೊರಡುವುದು. ಊರಿನ ರಾತ್ರಿ ಹೇಗಿರುತ್ತದೆ, ಯಾವ ಮನೆಯಲ್ಲಿ ಕುಡಿದು ಗದ್ದಲವಾಗುತ್ತದೆ, ಯಾವ ಹುಡುಗಿ ದೀಪದ ಕೆಳಗೆ ಓದುತ್ತಾಳೆ ಎಂಬುದು ಮೇಷ್ಟರಿಗಿಂತ ಕಂಡಕ್ಟರಿಗೆ ಹೆಚ್ಚು ಗೊತ್ತು.

ಹಿಂದೆ ಹೀಗಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಹಿರಿಯರು ಯಾವಾಗಲೂ ಹಾಗೇ ಹೇಳುತ್ತಾರೆ, ಆದರೂ ಇದರಲ್ಲಿ ಹುರುಳಿದೆ. ಕೊಪ್ಪಳ ಹೈದರಾಬಾದ್ ನಿಜಾಮರ ಕೈಯಲ್ಲಿದ್ದ ಕಾಲದಲ್ಲಿ ಸರ್ಕಾರಿ ಶಾಲೆಯ ಮಾಧ್ಯಮ ಉರ್ದು. ಗದಗಿನಿಂದ ಪೂರ್ವಕ್ಕೆ ಗಡಿ ದಾಟಿದರೆ ನಾಣ್ಯವೇ ಬೇರೆಯಾಗುತ್ತಿತ್ತು, ಹಾಲಿ ಸಿಕ್ಕಾ. ಆ ಕಾಲದಲ್ಲೇ, 1920ರ ದಶಕದಲ್ಲಿ, ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ತಲೆಯೆತ್ತಿತು. ಅಲ್ಲಿ ಕಲಿಸಲು ಬರುವುದೆಂದರೆ ಬಂದು ನೆಲೆಸುವುದು. ಸಂಜೆಯ ಗಾಡಿ ಎಂಬ ಆಯ್ಕೆಯೇ ಇರಲಿಲ್ಲ. ಆಮೇಲಿನ ದಶಕಗಳಲ್ಲೂ ಹಳ್ಳಿಗೆ ಬಂದ ಮಾಸ್ತರರಿಗೆ ಗೌಡರ ವಾಡೆಯ ಒಂದು ಖೋಲಿಯೋ ಮಠದ ಜಗಲಿಯೋ ಮನೆಯಾಗುತ್ತಿತ್ತು, ಸುಗ್ಗಿಯಲ್ಲಿ ಜೋಳ ತಾನಾಗಿ ಬರುತ್ತಿತ್ತು. ಜೊತೆಗೆ ಊರಿನ ಪಾರ್ಟಿ-ಪಂಗಡವೂ ಬರುತ್ತಿತ್ತು, ಜಾತಿ ನೋಡಿ ಖೋಲಿ ಕೊಡದ ಊರುಗಳೂ ಇದ್ದವು. ಹಳೆಯದನ್ನು ಹೊಗಳುವಾಗ ಇದನ್ನು ಮರೆಯುವುದು ಸುಲಭ. ದಲಿತ ಶಿಕ್ಷಕಿಯೊಬ್ಬಳಿಗೆ ಭಾಗ್ಯನಗರದ ಬಾಡಿಗೆ ಮನೆ ಬರೀ ಅನುಕೂಲವಲ್ಲ, ಕೆಲವು ಸಲ ರಕ್ಷಣೆ ಕೂಡ.

ಹೊರಗಿನಿಂದ ಬಂದವರಿಗೆ ಮೊದಲ ಪಾಠ ಹೇಳುವವರು ಮಕ್ಕಳೇ. ಈರುಳ್ಳಿ ಅಂದರೆ ನಗುತ್ತಾರೆ, ಅದು ಉಳ್ಳಾಗಡ್ಡಿ. ಕಡಲೆಕಾಯಿ ಅಲ್ಲ, ಶೇಂಗಾ. ಮೊಟ್ಟೆಯಂತೂ ತತ್ತಿ. ಈ ತತ್ತಿಗೆ ಇಲ್ಲಿ ಒಂದು ಚರಿತ್ರೆಯೇ ಇದೆ. ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ರಾಜ್ಯದಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಕೊಪ್ಪಳ ಒಂದು. 2021ರ ಡಿಸೆಂಬರಿನಲ್ಲಿ ಊಟಕ್ಕೆ ಮೊಟ್ಟೆ ಸೇರಿದಾಗಲೂ ಮೊದಲ ಪಟ್ಟಿಯಲ್ಲಿ ಇದರ ಹೆಸರಿತ್ತು. ಕೆಲವು ಮಠಾಧೀಶರು ವಿರೋಧಿಸಿದಾಗ ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಕ್ಯಾಮೆರಾದ ಮುಂದೆ ನಿಂತು ಕೊಟ್ಟ ಖಡಕ್ ಉತ್ತರ ರಾಜ್ಯವೆಲ್ಲ ಸುತ್ತಿತು. ಪಾಠ ಮಾಡಲು ಬಂದ ಶಿಕ್ಷಕಿ ತತ್ತಿ ಎಣಿಸಿ, ತಿನ್ನದವರಿಗೆ ಬಾಳೆಹಣ್ಣು ಎಣಿಸಿ, ಎರಡರ ಲೆಕ್ಕ ಮೊಬೈಲಿಗೆ ಏರಿಸಿ, ಆಮೇಲೆ ಭಾಗಾಕಾರಕ್ಕೆ ಬರುತ್ತಾಳೆ. ಭಾಗಾಕಾರದ ಉದಾಹರಣೆಗೆ ಬೇರೆ ಏನೂ ಬೇಕಾಗುವುದಿಲ್ಲ.

ಒಲಿಯದ ಊರು ಜನವರಿಯಲ್ಲಿ ಒಲಿಯುತ್ತದೆ. ಕೊಪ್ಪಳದ ಗವಿಮಠದ ಜಾತ್ರೆ. ಸುತ್ತಲ ಹಳ್ಳಿಗಳಲ್ಲಿ ಓಣಿ ಓಣಿಯ ಹೆಂಗಸರು ಕುಳಿತು ರೊಟ್ಟಿ ಬಡಿದು, ಟ್ರ್ಯಾಕ್ಟರು ತುಂಬಿಸಿ ಮಹಾದಾಸೋಹಕ್ಕೆ ಕಳಿಸುತ್ತಾರೆ. ಚಪಾತಿ ಲಟ್ಟಿಸಿ ಗೊತ್ತಿದ್ದ ಅಕ್ಕೋರು ಬಡಿಯಲು ಹೋಗಿ ಭೂಪಟ ಮಾಡಿಟ್ಟರೂ ಯಾರೂ ಬೇಸರಿಸುವುದಿಲ್ಲ. ಆ ವರ್ಷದಿಂದ ಮನೆಯಲ್ಲಿ ಪುಂಡಿಪಲ್ಯ ಶುರು, ಭಾನುವಾರ ಬೆಳಿಗ್ಗೆ ಮಂಡಾಳ ಒಗ್ಗರಣಿಯ ಜೊತೆ ಮಿರ್ಚಿ. ಮಕ್ಕಳು "ಹೋಗ್ತೀನಿ" ಬಿಟ್ಟು "ಹೊಕ್ಕೀನಿ" ಅನ್ನತೊಡಗಿದಾಗ ಅಜ್ಜಿಗೆ ಗಾಬರಿ.

ಇಷ್ಟರಲ್ಲಿ ಶಾಲೆಯ ಹಾಜರಿ ಪುಸ್ತಕದಲ್ಲಿ ಇನ್ನೊಂದು ಸ್ಥಳಾಂತರ ನಡೆದಿರುತ್ತದೆ. ಅದಕ್ಕೆ ಕೌನ್ಸೆಲಿಂಗ್ ಇಲ್ಲ, ಆದೇಶವಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ಅತಿ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿದಾಗ ಕುಷ್ಟಗಿ, ಯಲಬುರ್ಗಾ ಎರಡೂ ಅದರಲ್ಲಿದ್ದವು. ತುಂಗಭದ್ರೆಯ ಕಾಲುವೆ ಗಂಗಾವತಿಯ ಗದ್ದೆಗಳಿಗೆ ಭತ್ತ ಕೊಟ್ಟಿತು. ಕುಷ್ಟಗಿ, ಯಲಬುರ್ಗಾಕ್ಕೆ ಮಳೆಯೇ ದಿಕ್ಕು. ಹಿಂಗಾರು ಕೈಕೊಟ್ಟರೆ ಮನೆಗೆ ಬೀಗ ಬೀಳುತ್ತದೆ, ಮಂಗಳೂರು, ಉಡುಪಿ, ಗೋವಾ, ಬೆಂಗಳೂರಿನ ಬಸ್ಸುಗಳು ತುಂಬುತ್ತವೆ. ಪತ್ರಿಕೆಗಳು ಇದನ್ನು ಗುಳೆ ಎನ್ನುತ್ತವೆ; ಮಕ್ಕಳು ಹೇಳುವುದು ಇಷ್ಟೇ, "ದುಡಿಯಾಕ ಹೋಗ್ಯಾರ್ರೀ." ಅಜ್ಜಿ ಇದ್ದರೆ ಮಗು ಉಳಿಯುತ್ತದೆ. ಇಲ್ಲದಿದ್ದರೆ ಕಟ್ಟಡ ಕೆಲಸದ ಜಾಗದಲ್ಲಿ ತಂಗಿಯನ್ನು ಆಡಿಸುತ್ತಿರುತ್ತದೆ, ಅಥವಾ ಅದೃಷ್ಟವಿದ್ದರೆ ಕರಾವಳಿಯ ಸರ್ಕಾರಿ ಕನ್ನಡ ಶಾಲೆ ಸೇರುತ್ತದೆ. ಅಲ್ಲಿನವರು ಇಂಗ್ಲಿಷ್ ಶಾಲೆಗೆ ಹೋದದ್ದರಿಂದ ಖಾಲಿಯಾದ ಎಷ್ಟೋ ಬೆಂಚುಗಳಲ್ಲಿ ಈಗ ಕೊಪ್ಪಳ, ಬಾಗಲಕೋಟೆ, ಗದಗಿನ ಮಕ್ಕಳಿದ್ದಾರೆ. ಅವರ ಲೆಕ್ಕದಲ್ಲಿ ಅಲ್ಲಿನ ಶಿಕ್ಷಕರ ಹುದ್ದೆ ಉಳಿದಿದೆ, ಇಲ್ಲಿನ ಹುದ್ದೆ 'ಹೆಚ್ಚುವರಿ' ಆಗುವ ಭಯದಲ್ಲಿದೆ.

ಎರಡು ಕುಟುಂಬಗಳ ಗಂಟುಮೂಟೆ ಒಂದೇ ಕೊಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ಹಾದುಹೋಗುತ್ತವೆ. ಒಂದಕ್ಕೆ ಸಂಬಳ, ಭತ್ಯೆ, ವರ್ಗಾವಣೆ ಕಾಯ್ದೆ ಇವೆ. ಇನ್ನೊಂದಕ್ಕೆ ಮೇಸ್ತ್ರಿಯ ಫೋನ್ ನಂಬರ್.

ಮೇ ಕೊನೆಯ ವಾರ ಶಾಲೆ ತೆರೆಯುತ್ತದೆ. ದಾಖಲಾತಿ ಆಂದೋಲನ, ಶಿಕ್ಷಕರು ಪಟ್ಟಿ ಹಿಡಿದು ಓಣಿ ತಿರುಗಬೇಕು. ಬಿಸಿಲು ಇನ್ನೂ ಇಳಿದಿಲ್ಲ. ಐದನೆಯ ಮನೆಗೆ ಬೀಗ, ಆರನೆಯದಕ್ಕೂ ಬೀಗ. ಏಳನೆಯ ಮನೆಯ ಮುದುಕಿ ಹೊರಸಿನ ಮೇಲಿಂದಲೇ ಕೇಳುತ್ತಾಳೆ, "ಈ ವರ್ಸ ಇರ್ತೀರೇನವಾ, ನೀವೂ ಹೊಂಟ್ರೋ?" ಶಿಕ್ಷಕಿಯ ಚೀಲದಲ್ಲಿ ವರ್ಗಾವಣೆ ಅರ್ಜಿಯ ಪ್ರತಿ ಇದೆ. ಅದನ್ನು ಮುದುಕಿ ನೋಡಿಲ್ಲ. "ನೋಡೂಣಬೇ" ಎಂದು ಆಕೆ, ತನಗೇ ತಿಳಿಯದಂತೆ ಇಲ್ಲಿಯದೇ ದನಿಯಲ್ಲಿ ಉತ್ತರಿಸಿ, ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋಗುತ್ತಾಳೆ. ಸಂಜೆಯ ಗಾಡಿಗೆ ಇನ್ನೂ ಹೊತ್ತಿದೆ.